ಹಳೆ ಕಾರಿಗೆ ಮರುಜೀವ: ತಪ್ಪು ಕಲ್ಪನೆಗಳು ಮತ್ತು ವಾಸ್ತವ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯಲ್ಲಿ ಕಾರಿನ ಹುಚ್ಚು ಹಿಡಿದವರು ಎರಡು ಬಗೆ. ಕೆಲವರಿಗೆ ಅಜ್ಜನ ಕಾಲದ ಅಂಬಾಸಿಡರ್, ಪದ್ಮಿನಿ, ಜೀಪು ಮೊದಲಿನ ಹಾಗೇ ಓಡಬೇಕು. ಇನ್ನು ಕೆಲವರಿಗೆ ಗಾಡಿ ಕಂಪನಿಯಿಂದ ಬಂದ ಹಾಗೆ ಇರಲೇಬಾರದು. ಅಗಲ ಟೈರು, ಕಣ್ಣು ಕುಕ್ಕುವ ದೀಪ, ಗುಡುಗುವ ಸೈಲೆನ್ಸರ್ ಬೇಕು. ಎರಡೂ ಗಾಡಿಯ ಮೇಲಿನ ಪ್ರೀತಿಯೇ. ಆದರೆ ಗ್ಯಾರೇಜುಗಳಲ್ಲಿ ಬಾಯಿಂದ ಬಾಯಿಗೆ ಹೋಗುವ ಅರೆಬರೆ ಮಾಹಿತಿಯಿಂದ ಒಳ್ಳೆಯ ಗಾಡಿಗಳು ಗುಜರಿ ಸೇರುತ್ತಿವೆ, ಇಲ್ಲವೇ ರಿಪೇರಿಯ ಹೆಸರಿನಲ್ಲಿ ಹಾಳಾಗುತ್ತಿವೆ. ಹೆಚ್ಚಾಗಿ ಕೇಳಿಬರುವ ಕೆಲವು ಮಾತುಗಳನ್ನು ಇಲ್ಲಿ ಒಂದೊಂದಾಗಿ ಪರಿಶೀಲಿಸಿದ್ದೇನೆ.

ತಪ್ಪು ಕಲ್ಪನೆ: ಹದಿನೈದು ವರ್ಷ ತುಂಬಿತೆಂದರೆ ಕಾರು ಗುಜರಿಗೇ

ಇದು ದೆಹಲಿಯ ಸುದ್ದಿ ಕೇಳಿ ಹುಟ್ಟಿದ ಭಯ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ಅಲ್ಲಿನ ವಾಯುಮಾಲಿನ್ಯದ ಕಾರಣಕ್ಕೆ ರಾಜಧಾನಿ ಪ್ರದೇಶಕ್ಕೆ ಬಂದದ್ದು. ಕೊಪ್ಪಳದ ಕೆಎ-37 ಗಾಡಿಗೆ ಅದು ಅನ್ವಯಿಸುವುದಿಲ್ಲ. 2021ರ ಗುಜರಿ ನೀತಿಯೂ ಖಾಸಗಿ ಮಾಲೀಕರಿಗೆ ಸ್ವಇಚ್ಛೆಯದು. ಹದಿನೈದು ವರ್ಷಕ್ಕೆ ನೋಂದಣಿ ಕಡ್ಡಾಯವಾಗಿ ರದ್ದಾಗುವುದು ಸರ್ಕಾರಿ ವಾಹನಗಳಿಗೆ ಮಾತ್ರ, ಅದೂ 2023ರ ಏಪ್ರಿಲ್‌ನಿಂದ.

ಖಾಸಗಿ ಕಾರಿನ ಆರ್‌ಸಿಯನ್ನು ಹದಿನೈದು ವರ್ಷದ ನಂತರ ತಪಾಸಣೆ ಮಾಡಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬಹುದು. ಖರ್ಚು ಹೆಚ್ಚಿರುವುದು ನಿಜ. 600 ರೂಪಾಯಿ ಇದ್ದ ಶುಲ್ಕ 2022ರ ಏಪ್ರಿಲ್‌ನಲ್ಲಿ 5,000ಕ್ಕೆ ಏರಿತು. 2025ರ ತಿದ್ದುಪಡಿಯ ಪ್ರಕಾರ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ರೂಪಾಯಿ. ಭಾರವೇ, ಆದರೆ ಭಾರ ಬೇರೆ, ನಿಷೇಧ ಬೇರೆ. ‘ಇನ್ನು ಇದು ರೋಡಿಗೆ ಇಳಿಯಂಗಿಲ್ಲ’ ಎಂದು ಯಾರೋ ಹೇಳಿದ್ದನ್ನು ನಂಬಿ ಗಟ್ಟಿಮುಟ್ಟಾದ ಮಾರುತಿ 800 ಅನ್ನು ತೂಕಕ್ಕೆ ಹಾಕುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ತಪ್ಪು ಕಲ್ಪನೆ: ಪುನಶ್ಚೇತನ ಎಂದರೆ ಹಳೆಯದನ್ನು ಥಳಥಳ ಹೊಸದಾಗಿಸುವುದು

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿರುವ ತಪ್ಪು ತಿಳಿವಳಿಕೆ ಇದು. ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಇಟಗಿಯೇ ಸಾಕು. ಕುಕನೂರು ತಾಲೂಕಿನ ಇಟಗಿಯ ಮಹಾದೇವ ದೇವಾಲಯವನ್ನು 1112ರಲ್ಲಿ ಕಟ್ಟಿಸಿದವನು ಚಾಲುಕ್ಯ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ. ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ. ಇಂಥ ಗುಡಿಯ ಸವೆದ ಶಿಲ್ಪವನ್ನು ಉಜ್ಜಿ ಹೊಸದು ಮಾಡಿದರೆ, ಇಲ್ಲವೇ ಮೇಲೆ ಬಣ್ಣ ಬಳಿದರೆ ನಾವು ಒಪ್ಪುತ್ತೇವೆಯೇ? ಪುರಾತತ್ವ ಇಲಾಖೆಗೆ ಜಾನ್ ಮಾರ್ಷಲ್ 1923ರಲ್ಲೇ ಬರೆದುಕೊಟ್ಟ ಸಂರಕ್ಷಣಾ ಕೈಪಿಡಿಯ ತಿರುಳು ಇದೇ: ಇರುವುದನ್ನು ಉಳಿಸು, ಇಲ್ಲದ್ದನ್ನು ಊಹಿಸಿ ಕೆತ್ತಬೇಡ.

ಕಾರುಗಳಿಗೂ ಇದೇ ಮಾತನ್ನು ಹೇಳುವ ದಾಖಲೆ ಇದೆ. ಹಳೆ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟವಾದ ಎಫ್‌ಐವಿಎ ರೂಪಿಸಿದ ‘ಟ್ಯೂರಿನ್ ಸನ್ನದು’ ಸ್ಮಾರಕಗಳ ರಕ್ಷಣೆಗೆ 1964ರಲ್ಲಿ ಬಂದ ವೆನಿಸ್ ಸನ್ನದಿನ ಜಾಡಿನಲ್ಲೇ ಇದೆ. ಸಂರಕ್ಷಣೆ, ದುರಸ್ತಿ, ಪುನಶ್ಚೇತನ ಇವು ಬೇರೆಬೇರೆ ಕೆಲಸಗಳು ಎಂದು ಅದು ವಿಂಗಡಿಸುತ್ತದೆ. ಉಳಿದಿರುವ ಮೂಲ ಭಾಗಗಳನ್ನು ಉಳಿಸುವುದಕ್ಕೇ ಮೊದಲ ಮಣೆ. ಬದಲಾವಣೆ ಮಾಡಲೇಬೇಕಾಗಿ ಬಂದರೆ ಅದನ್ನು ಮುಂದೆ ತೆಗೆದುಹಾಕಿ ಮೊದಲಿನ ಸ್ಥಿತಿಗೆ ತರುವಂತಿರಬೇಕು, ತೆಗೆದ ಮೂಲ ಭಾಗಗಳು ಗಾಡಿಯ ಜೊತೆಗೇ ಇರಬೇಕು ಎನ್ನುತ್ತದೆ.

ನಮ್ಮ ಕಡೆ ನಡೆಯುವುದೇನು? ಅಂಬಾಸಿಡರ್ ಗ್ಯಾರೇಜಿಗೆ ಬಂದ ಕೂಡಲೇ ಹಳೆ ಸೀಟಿನ ಬಟ್ಟೆ ಕಿತ್ತು ಕೆಂಪು ರೆಗ್ಜಿನ್ ಹಾಕುತ್ತಾರೆ. ಹಳೆ ಮೀಟರ್ ಬೋರ್ಡ್ ಗುಜರಿಗೆ ಹೋಗುತ್ತದೆ. ತುಕ್ಕು ಹಿಡಿದ ಭಾಗವನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಬದಲು ಮೇಲೆ ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆಯುತ್ತಾರೆ. ಪುಟ್ಟಿಯ ಕೆಳಗೆ ತುಕ್ಕು ತನ್ನ ಕೆಲಸ ಮುಂದುವರಿಸುತ್ತದೆ, ಎರಡು ಮಳೆಗಾಲಕ್ಕೆ ಬಣ್ಣ ಗುಳ್ಳೆ ಏಳುತ್ತದೆ. ಆ ಕಾಲದ ಸ್ವಿಚ್ಚು, ಹಿಡಿಕೆ, ಗಾಜಿನ ಮೇಲಿನ ತಯಾರಕರ ಗುರುತು ಒಮ್ಮೆ ಹೋದರೆ ಹೋಯಿತು. ಬಣ್ಣ ಮಾಸಿದ್ದರೂ ಕಾರ್ಖಾನೆಯಿಂದ ಬಂದ ಬಣ್ಣವೇ ಉಳಿದಿರುವ ಕಾರು ಹೊಸ ಬಣ್ಣದ ಕಾರಿಗಿಂತ ಮೇಲು ಎಂಬುದು ಇಂದು ಜಗತ್ತಿನಾದ್ಯಂತ ಬಲ್ಲವರ ಅಭಿಪ್ರಾಯ. ನಾನೂ ಅದೇ ಪಕ್ಷ. ತುಕ್ಕು ಲೋಹವನ್ನು ತಿನ್ನುತ್ತಿದ್ದರೆ ಮಾತ್ರ ಕೈ ಹಾಕಬೇಕು. ಬಣ್ಣ ಮಾಸಿದೆ ಎಂಬುದು ಕಾರಣವಲ್ಲ.

ತಪ್ಪು ಕಲ್ಪನೆ: ಇಂಜಿನ್ ಯಾವುದಾದರೇನು, ಹಳೆ ಗಾಡಿ ಹಳೆ ಗಾಡಿಯೇ

ಕಾನೂನು ಹಾಗೆ ಹೇಳುವುದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ ಐವತ್ತು ವರ್ಷ ದಾಟಿದ, ಬಾಡಿಗೆಗೆ ಓಡಿಸದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳು ಇದರ ವ್ಯಾಪ್ತಿಗೆ ಬರುತ್ತವೆ. 1976ರಲ್ಲಿ ನೋಂದಣಿಯಾದ ಅಂಬಾಸಿಡರ್ 2026ಕ್ಕೆ ಆ ಗಡಿ ಮುಟ್ಟುತ್ತದೆ. ಆದರೆ ಷರತ್ತೊಂದಿದೆ: ವಾಹನ ಮೂಲ ರೂಪದಲ್ಲೇ ಇರಬೇಕು, ಚಾಸಿ, ಬಾಡಿ, ಇಂಜಿನ್ ಮಾರ್ಪಾಟಾಗಿರಬಾರದು.

ಡೀಸೆಲ್ ಅಗ್ಗವಿದ್ದ ಕಾಲದಲ್ಲಿ ಎಷ್ಟೋ ಪೆಟ್ರೋಲ್ ಅಂಬಾಸಿಡರ್‌ಗಳಿಗೆ ಡೀಸೆಲ್ ಇಂಜಿನ್ ಕೂರಿಸಿದರು. ದುಡಿಮೆಗಾಗಿ ಮಾಡಿದ್ದು, ಆಗಿನ ಮಾಲೀಕರನ್ನು ಅದಕ್ಕಾಗಿ ದೂರಲಾರೆ. ಇಂದು ಅಂಥ ಗಾಡಿಗೆ ವಿಂಟೇಜ್ ಮಾನ್ಯತೆ ಸಿಗುವುದು ಕಷ್ಟ. ನಿಮ್ಮ ಮನೆಯ ಹಿತ್ತಲಲ್ಲಿ ಮೂಲ ಇಂಜಿನ್ ಇನ್ನೂ ಬಿದ್ದಿದ್ದರೆ ಅದು ಕಬ್ಬಿಣದ ತುಂಡಲ್ಲ, ಗಾಡಿಯ ಗುರುತಿನ ಚೀಟಿ.

ಹೊಸದಾಗಿ ನೋಂದಣಿಯಾಗುವ ವಿಂಟೇಜ್ ವಾಹನಕ್ಕೆ ‘ವಿಎ’ ಅಕ್ಷರಗಳಿರುವ ಸಂಖ್ಯೆ ಸಿಗುತ್ತದೆ. ಈಗಾಗಲೇ ನೋಂದಣಿ ಇರುವವು ಹಳೆ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಶುಲ್ಕ 20,000 ರೂಪಾಯಿ, ಅವಧಿ ಹತ್ತು ವರ್ಷ, ಮರುನೋಂದಣಿಗೆ 5,000. ಆದರೆ ಈ ಮಾನ್ಯತೆ ಪಡೆದ ಕಾರನ್ನು ದಿನನಿತ್ಯ ಸಂತೆಗೆ, ಹೊಲಕ್ಕೆ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಅಧ್ಯಯನ, ಇಂಧನ ಮತ್ತು ರಿಪೇರಿಗಷ್ಟೇ ರಸ್ತೆಗಿಳಿಸಬಹುದು. ದಿನಾ ಓಡಿಸುವ ಆಸೆ ಇದ್ದವರು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಳ್ಳುವುದು ಮೇಲು.

ತಪ್ಪು ಕಲ್ಪನೆ: ಗಾಡಿ ನಂದು, ಏನು ಬೇಕಾದರೂ ಮಾಡಿಸ್ತೀನಿ

ಗಾಡಿ ನಿಮ್ಮದು, ರಸ್ತೆ ಎಲ್ಲರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ, ಅಂದರೆ ಆರ್‌ಸಿಯಲ್ಲಿರುವ ವಿವರಗಳಿಗೆ ವಿರುದ್ಧವಾಗಿ ವಾಹನವನ್ನು ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿ 9ರಂದು ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ದಂಡವನ್ನೂ ಬಿಗಿ ಮಾಡಿತು: ಆರು ತಿಂಗಳವರೆಗೆ ಸಜೆ, ಅಥವಾ ಒಂದೊಂದು ಬದಲಾವಣೆಗೂ 5,000 ರೂಪಾಯಿ, ಅಥವಾ ಎರಡೂ.

ಹಾಗೆಂದು ಎಲ್ಲವೂ ನಿಷಿದ್ಧ ಎಂದು ಹೆದರುವುದೂ ತಪ್ಪು. ಬಣ್ಣ ಬದಲಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬಹುದು. ಅನುಮೋದಿತ ಸಿಎನ್‌ಜಿ, ಎಲ್‌ಪಿಜಿ ಕಿಟ್ ಹಾಕಿಸಬಹುದು. ಅಂಗವಿಕಲರು ಕೈಯಿಂದಲೇ ಬ್ರೇಕು, ಆಕ್ಸಿಲರೇಟರ್ ನಡೆಸುವಂತೆ ಅನುಮತಿ ಪಡೆದು ಕಾರನ್ನು ಮಾರ್ಪಡಿಸಬಹುದು. ಕಾರು ಮಾರ್ಪಾಟಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಗೊತ್ತಿಲ್ಲ.

ಜೀಪಿನ ಮೋಹಿಗಳು ಒಂದು ವಿಷಯ ಗಮನಿಸಬೇಕು. ಹಳೆ ಜೀಪಿಗೆ ಮಿಲಿಟರಿ ಹಸಿರು ಹೊಡೆಸುವ ಆಸೆ ಬಹಳ ಮಂದಿಗೆ. ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಆಲಿವ್ ಹಸಿರು ಸೇನೆಯ ವಾಹನಗಳಿಗೆ ಮಾತ್ರ ಮೀಸಲು. ಹಾಗೆಯೇ, ಹಳೆ ಜೀಪೊಂದರ ಆರ್‌ಸಿ ಹಿಡಿದುಕೊಂಡು ಹೊಸ ಬಾಡಿ, ಬೇರೆ ಚಾಸಿ ಸೇರಿಸಿ ಕಟ್ಟಿದ ಜೀಪು ಪುನಶ್ಚೇತನಗೊಂಡ ಜೀಪಲ್ಲ. ಹರಿಯಾಣ–ಪಂಜಾಬ್ ಗಡಿಯ ಮಂಡಿ ಡಬ್ವಾಲಿಯಿಂದ ದೇಶಕ್ಕೆಲ್ಲ ಹೋಗುವ ಅಲಂಕಾರದ ಜೀಪುಗಳನ್ನು ನೋಡಿ ಮರುಳಾಗುವ ಮುನ್ನ ಚಾಸಿ ಸಂಖ್ಯೆಯನ್ನೂ ಆರ್‌ಸಿಯನ್ನೂ ತಾಳೆ ನೋಡಿ. ನಿಮ್ಮದೇ ಗಾಡಿಯ ಟಿಂಕರಿಂಗ್ ಮಾಡಿಸುವಾಗಲೂ ಚಾಸಿ ಸಂಖ್ಯೆ ಕೊರೆದ ಜಾಗಕ್ಕೆ ಗ್ರೈಂಡರ್ ಮುಟ್ಟದಂತೆ, ಪುಟ್ಟಿ ಮುಚ್ಚದಂತೆ ಮೇಸ್ತ್ರಿಗೆ ಮೊದಲೇ ಹೇಳಿರಿ. ಆ ಅಂಕಿಗಳು ಅಳಿಸಿದರೆ ಆರ್‌ಟಿಒ ಕಚೇರಿಯಲ್ಲಿ ನವೀಕರಣ ನಿಂತುಹೋಗುತ್ತದೆ.

ಕಾರಿನ ಗಾಜಿಗೆ ಕಪ್ಪು ಫಿಲ್ಮು ಅಂಟಿಸುವುದನ್ನು ಸುಪ್ರೀಂ ಕೋರ್ಟ್ 2012ರಲ್ಲೇ ನಿಷೇಧಿಸಿತು. ಸೈಲೆನ್ಸರ್ ಸದ್ದು ಮಿತಿ ಮೀರಿದರೆ ಮೊದಲ ಸಲವೇ 10,000 ರೂಪಾಯಿವರೆಗೆ ದಂಡ ಬೀಳಬಹುದು. ವಿಮಾ ಕಂಪನಿಗೆ ತಿಳಿಸದೆ ಮಾಡಿದ ಬದಲಾವಣೆ ಅಪಘಾತದ ದಿನ ಪರಿಹಾರಕ್ಕೇ ಕುತ್ತು ತರಬಹುದು.

ತಪ್ಪು ಕಲ್ಪನೆ: ಮುಂದೆ ಗಾರ್ಡು, ಅಗಲ ಟೈರು, ಜೋರು ದೀಪ ಇದ್ದರೆ ಗಾಡಿ ಭದ್ರ

ರಾತ್ರಿ ಹೆದ್ದಾರಿಯಲ್ಲಿ ಎಮ್ಮೆ, ಕುರಿ ಹಿಂಡು ಅಡ್ಡ ಬರುವ ಸೀಮೆ ನಮ್ಮದು. ಕಬ್ಬಿಣದ ಗಾರ್ಡು ಬೇಕು ಅನಿಸುವುದು ಸಹಜ. ಆದರೆ ಇಂದಿನ ಕಾರುಗಳ ಮುಂಭಾಗವನ್ನು ಡಿಕ್ಕಿಯಾದಾಗ ತಾನು ಮುದುಡಿ ಒಳಗಿದ್ದವರಿಗೆ ಬೀಳುವ ಪೆಟ್ಟನ್ನು ಕಡಿಮೆ ಮಾಡುವಂತೆ ರೂಪಿಸಿರುತ್ತಾರೆ. ಗಾರ್ಡು ಆ ಪೆಟ್ಟನ್ನು ನೇರ ಚಾಸಿಗೆ ದಾಟಿಸುತ್ತದೆ, ಏರ್‌ಬ್ಯಾಗ್ ಸರಿಯಾದ ಗಳಿಗೆಯಲ್ಲಿ ತೆರೆಯದಂತೆ ಮಾಡಬಹುದು. ನಡೆದು ಹೋಗುವವರಿಗೆ ಬಡಿದರೆ ಗಾಯ ಇನ್ನೂ ಘೋರ. ಕೇಂದ್ರ ಸರ್ಕಾರ 2017ರ ಡಿಸೆಂಬರ್‌ನಲ್ಲಿ ಇದರ ವಿರುದ್ಧ ಕ್ರಮಕ್ಕೆ ಸೂಚಿಸಿದ್ದು ಇದೇ ಕಾರಣಕ್ಕೆ.

ದೀಪದ ಲೆಕ್ಕ ಇನ್ನೂ ಸರಳ. ಕಂಪನಿಯ ಹ್ಯಾಲೊಜೆನ್ ಬಲ್ಬು ಸಾಮಾನ್ಯವಾಗಿ 60/55 ವ್ಯಾಟ್. ಅದರ ಜಾಗಕ್ಕೆ 100/90 ವ್ಯಾಟಿನದು ಹಾಕಿದರೆ 12 ವೋಲ್ಟಿನಲ್ಲಿ ಒಂದೊಂದು ಬಲ್ಬು ಎಳೆಯುವ ಕರೆಂಟು 5ರಿಂದ 8 ಆಂಪಿಯರ್ ದಾಟುತ್ತದೆ. ರಿಲೇ ಇಲ್ಲದ ಹಳೆ ವೈರಿಂಗಿನಲ್ಲಿ ಹೋಲ್ಡರ್ ಕರಗುತ್ತದೆ, ಸ್ವಿಚ್ಚು ಸುಡುತ್ತದೆ. ಇನ್ನು ಹ್ಯಾಲೊಜೆನ್‌ಗೆಂದು ಮಾಡಿದ ಡೂಮಿನೊಳಗೆ ಎಲ್‌ಇಡಿ ಬಲ್ಬು ತುರುಕಿದರೆ ಬೆಳಕು ರಸ್ತೆಗಿಂತ ಹೆಚ್ಚಾಗಿ ಎದುರಿನವರ ಕಣ್ಣಿಗೇ ಬೀಳುತ್ತದೆ. ಹಳೆ ಅಂಬಾಸಿಡರ್ ದೀಪ ಮಂಕಾಗಿದ್ದರೆ ಮೊದಲು ಅರ್ತಿಂಗ್ ತಂತಿ ಉಜ್ಜಿ ಬಿಗಿ ಮಾಡಿ, ರಿಲೇ ಹಾಕಿಸಿ, ರಿಫ್ಲೆಕ್ಟರ್ ನೋಡಿ. ಹೆಚ್ಚಿನ ಸಲ ಅಷ್ಟರಲ್ಲೇ ಮುಗಿಯುತ್ತದೆ.

ಟೈರು ದೊಡ್ಡದಾದರೆ ಮೀಟರೂ ಸುಳ್ಳು ಹೇಳುತ್ತದೆ. ಚಕ್ರದ ಒಟ್ಟು ವ್ಯಾಸ ನೂರಕ್ಕೆ ಐದು ಹೆಚ್ಚಿದರೆ ಮೀಟರ್ 80 ತೋರಿಸುವಾಗ ಗಾಡಿ 84ರಲ್ಲಿ ಓಡುತ್ತಿರುತ್ತದೆ. ಬ್ರೇಕು ಮಾತ್ರ ಹಳೆಯದೇ. ವೇಗ 60ರಿಂದ 90ಕ್ಕೆ ಏರಿದರೆ ಬ್ರೇಕು ತಡೆಯಬೇಕಾದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕಿರುವ ಪದ್ಮಿನಿಯ ಇಂಜಿನ್ ಶಕ್ತಿ ಹೆಚ್ಚಿಸುವವರು ಈ ಲೆಕ್ಕವನ್ನು ಮೊದಲು ಮಾಡಬೇಕು.

ತಪ್ಪು ಕಲ್ಪನೆ: ಈಗಿನ ಪೆಟ್ರೋಲಿಗೆ ಹಳೆ ಇಂಜಿನ್ ನಡೆಯುವುದೇ ಇಲ್ಲ

ನಡೆಯುತ್ತದೆ, ಆರೈಕೆ ಬೇಕು. ಸೀಸ ಬೆರೆತ ಪೆಟ್ರೋಲ್ ದೇಶದಲ್ಲಿ 2000ದಲ್ಲಿ ನಿಂತಿತು. ಸೀಸ ಹಳೆ ವಾಲ್ವ್ ಸೀಟುಗಳಿಗೆ ರಕ್ಷೆಯಾಗಿತ್ತು. ಆದ್ದರಿಂದ ಹಳೆ ಇಂಜಿನ್ ಬೋರಿಂಗಿಗೆ ಕೊಟ್ಟಾಗಲೇ ಗಟ್ಟಿ ಲೋಹದ ವಾಲ್ವ್ ಸೀಟು ಹಾಕಿಸುವುದು ಜಾಣತನ. ಈಗಿನ ಸಮಸ್ಯೆ ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಹಳೆ ರಬ್ಬರ್ ಪೈಪುಗಳನ್ನು ಮೆತ್ತಗೆ ಮಾಡುತ್ತದೆ, ಟ್ಯಾಂಕಿನ ತಳದ ಕಸ ಸಡಿಲಿಸಿ ಕಾರ್ಬುರೇಟರಿನ ಜೆಟ್ ಕಟ್ಟಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಎಥನಾಲ್ ತಾಳುವ ಪೈಪು, ಹೊಸ ಫಿಲ್ಟರ್ ಹಾಕಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಟ್ಯಾಂಕಿನಲ್ಲಿ ಅದೇ ಪೆಟ್ರೋಲ್ ಬಿಡಬೇಡಿ. ಪೈಪು ಒಸರಿ ಬಿಸಿ ಇಂಜಿನ್ ಮೇಲೆ ಪೆಟ್ರೋಲ್ ಬಿದ್ದರೆ ಬೆಂಕಿಯ ಅಪಾಯವಿದೆ. ಸಾವಿರಾರು ರೂಪಾಯಿಯ ಬಣ್ಣಕ್ಕಿಂತ ಈ ಪೈಪಿಗೆ ಮೊದಲ ಖರ್ಚು ಆಗಬೇಕು.

ತಪ್ಪು ಕಲ್ಪನೆ: ಉಳಿಸಬೇಕಾದ್ದು ರಾಜಮಹಾರಾಜರ ಕಾರುಗಳನ್ನು ಮಾತ್ರ

ಹೈದರಾಬಾದಿನ ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ರೋಲ್ಸ್ ರಾಯ್ಸ್ ಸಿಲ್ವರ್ ಘೋಸ್ಟ್ ಇದೆ. ನಮ್ಮ ಕೊಪ್ಪಳ ಸೀಮೆಯೂ ಆಗ ಅದೇ ಸಂಸ್ಥಾನದಲ್ಲಿತ್ತು. ಶ್ರೀರಂಗಪಟ್ಟಣದ ಬಳಿಯ ‘ಪಯಣ’ ಸಂಗ್ರಹಾಲಯದಲ್ಲಿ, ಧರ್ಮಸ್ಥಳದಲ್ಲಿ ಅಪರೂಪದ ಕಾರುಗಳನ್ನು ಜೋಪಾನ ಮಾಡಿದ್ದಾರೆ, ನೋಡಲೇಬೇಕಾದ ಜಾಗಗಳು. ಆದರೆ ಯಲಬುರ್ಗಾದ ವೈದ್ಯರನ್ನು ಹಳ್ಳಿಗೆ ಕರೆತಂದದ್ದು, ಮದುಮಕ್ಕಳನ್ನು ಗುಡಿಗೆ ಒಯ್ದದ್ದು, ಹೆರಿಗೆ ನೋವಿನ ಹೆಣ್ಣುಮಗಳನ್ನು ಗದಗಿನ ಆಸ್ಪತ್ರೆ ಮುಟ್ಟಿಸಿದ್ದು ರೋಲ್ಸ್ ರಾಯ್ಸ್ ಅಲ್ಲ, ಅಂಬಾಸಿಡರ್, ಪದ್ಮಿನಿ, ಜೀಪು, ಟ್ರ್ಯಾಕ್ಸ್. ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ, ಮಾರುತಿ 800 ನಿಂತದ್ದೂ ಅದೇ ವರ್ಷ. ಇನ್ನು ಇರುವಷ್ಟೇ.

ಕಿವಿಯಿಂದಲೇ ಟ್ಯಾಪೆಟ್ ಸದ್ದು ಗುರುತಿಸುವ, ಸುತ್ತಿಗೆಯಿಂದಲೇ ತಗಡಿಗೆ ಮೂಲ ತಿರುವು ತರುವ ಮೇಸ್ತ್ರಿಗಳು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ವಯಸ್ಸಾಗುತ್ತಿದೆ. ಮನೆಯಲ್ಲಿ ಹಳೆ ಗಾಡಿ ನಿಂತಿದ್ದರೆ ಅವರಲ್ಲೊಬ್ಬರನ್ನು ಈಗಲೇ ಕರೆದು ತೋರಿಸಿ. ಬಿಚ್ಚುವ ಮುನ್ನ ಒಳಗೂ ಹೊರಗೂ ಫೋಟೊ ತೆಗೆಯಿರಿ, ಆರ್‌ಸಿ ಅವಧಿ ನೋಡಿಕೊಳ್ಳಿ, ಬಿಚ್ಚಿದ ಪ್ರತಿಯೊಂದು ಮೂಲ ಭಾಗಕ್ಕೂ ಚೀಟಿ ಕಟ್ಟಿ ಪೆಟ್ಟಿಗೆಯಲ್ಲಿಡಿ, ಯಾವುದನ್ನೂ ಗುಜರಿಗೆ ಕೊಡಬೇಡಿ.