ಬೇಸಿಗೆಯ ಎರಡು ತಿಂಗಳು ಪ್ರಯೋಗಾಲಯದಲ್ಲಿ

ಹೊಸೂರಿನ ಪಕ್ಕದ ಆಲಸನತ್ತಂನಲ್ಲಿ ಪರಿಚಯದ ವ್ಯಾಪಾರಿ ಬಂಧುವೊಬ್ಬರ ಮನೆಗೆ ಹೋಗಿದ್ದೆವು. ಜೀವತಂತ್ರಜ್ಞಾನ ಓದುತ್ತಿರುವ ಅವರ ಮಗಳು ಬೇಸಿಗೆ ರಜೆಯನ್ನು ಬೆಂಗಳೂರಿನ ಪ್ರಯೋಗಾಲಯದಲ್ಲಿ ಕಳೆಯುವುದಾಗಿ ಹಟ ಹಿಡಿದಿದ್ದಳು. "ರಜೆಯಲ್ಲಿ ಅಂಗಡಿಯ ಲೆಕ್ಕ ನೋಡಲಿ ಎಂದಿದ್ದೆ" ಎಂದರು ತಂದೆ. ತಾಯಿಯ ಚಿಂತೆ ಬೇರೆ. "ಅಲ್ಲಿ ಇಲಿ, ಮೊಲ ಕೊಯ್ಯುತ್ತಾರಂತಲ್ಲ ಅಣ್ಣಾ? ನಮ್ಮ ಮನೆಯ ಹುಡುಗಿ ಅದನ್ನು ಮಾಡುವುದೇ?"

ಈ ಎರಡು ಪ್ರಶ್ನೆಗಳೂ ನಮ್ಮ ಅನೇಕ ಮನೆಗಳಲ್ಲಿ ಏಳುತ್ತಿವೆ. ಆದ್ದರಿಂದ ನಾವು ತಿಳಿದುದನ್ನು ಓದುಗ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ತಂದೆಯ ಪ್ರಶ್ನೆ. ನಾವೆಲ್ಲ ವ್ಯಾಪಾರ ಕಲಿತದ್ದು ಪುಸ್ತಕದಿಂದಲ್ಲ. ಹಿರಿಯರ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೂತು. ವಿಜ್ಞಾನಕ್ಕೂ ಅದೇ ಮಾತು ಸಲ್ಲುತ್ತದೆ. ಕಾಲೇಜಿನಲ್ಲಿ ಉತ್ತರ ಗೊತ್ತಿರುವ ಪ್ರಯೋಗ. ಇಲ್ಲಿ ಯಾರಿಗೂ ಉತ್ತರ ಗೊತ್ತಿಲ್ಲದ ಪ್ರಶ್ನೆ. 1934ರಲ್ಲಿ ಸಿ.ವಿ. ರಾಮನ್ ಅವರು ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ದೆಹಲಿ ಮತ್ತು ಪ್ರಯಾಗರಾಜದ ಅಕಾಡೆಮಿಗಳೊಡನೆ ಸೇರಿ ಇಂತಹ ಬೇಸಿಗೆ ಫೆಲೋಶಿಪ್‌ಗಳನ್ನು ನೀಡುತ್ತ ಬಂದಿದೆ. 1989ರಲ್ಲಿ ಆರಂಭವಾದ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರವೂ ನೀಡಿದೆ. ಖರ್ಚಿಗೆ ಒಂದಿಷ್ಟು ವಿದ್ಯಾರ್ಥಿವೇತನ ಸಿಗುತ್ತದೆ, ಲಾಭವೆಂದರೆ ಕಲಿಕೆಯೇ.

ಈ ದಾರಿ ದೇಶದ ಗಡಿಯನ್ನೂ ದಾಟುತ್ತದೆ. 1968ರಲ್ಲಿ ನೊಬೆಲ್ ಪಡೆದ ಹರಗೋವಿಂದ ಖೊರಾನಾ ಅವರು ಹಿಂದೆ ದುಡಿದ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನ ಕಾರ್ಯಕ್ರಮ 2007ರಲ್ಲಿ ಆರಂಭವಾಯಿತು. ಭಾರತದ ಎಷ್ಟೋ ವಿದ್ಯಾರ್ಥಿಗಳು ಅದರ ಮೂಲಕ ಅಲ್ಲಿನ ಪ್ರಯೋಗಾಲಯಗಳಲ್ಲಿ ಬೇಸಿಗೆ ಕಳೆದರು.

ಇನ್ನು ತಾಯಿಯ ಪ್ರಶ್ನೆ. ಇದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ವೈದ್ಯಕೀಯ ಸಂಶೋಧನೆಯಲ್ಲಿ ಪ್ರಾಣಿಗಳ ಬಳಕೆ ಇಂದಿಗೂ ಇದೆ. ಆದರೆ ಜಗತ್ತೂ ಬದಲಾಗುತ್ತಿದೆ. 1959ರಲ್ಲಿಯೇ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಮೂರು ಸೂತ್ರ ಹೇಳಿದರು: ಪ್ರಾಣಿಯ ಬದಲಿಗೆ ಬೇರೆ ವಿಧಾನ ಹುಡುಕುವುದು, ಸಂಖ್ಯೆ ಕಡಿಮೆ ಮಾಡುವುದು, ನೋವು ತಗ್ಗಿಸುವುದು. ನಮ್ಮಲ್ಲಿ 1960ರ ಪ್ರಾಣಿಹಿಂಸಾ ನಿವಾರಣಾ ಕಾಯಿದೆಯಡಿ ಇಂತಹ ಪ್ರಯೋಗಗಳ ಮೇಲೆ ನಿಗಾ ಇಡಲು ಸಮಿತಿಯಿದೆ. 2014ರಲ್ಲಿ ವಿಶ್ವವಿದ್ಯಾಲಯ ಧನಸಹಾಯ ಆಯೋಗವು ಪ್ರಾಣಿಶಾಸ್ತ್ರದ ತರಗತಿಗಳಲ್ಲಿ ಅಂಗಚ್ಛೇದನ ನಿಲ್ಲಿಸಲು ತಿಳಿಸಿತು. 2023ರಲ್ಲಿ ಹೊಸ ಔಷಧಗಳ ನಿಯಮ ತಿದ್ದುಪಡಿಯಾಗಿ, ಕೋಶಗಳ ಮೇಲಿನ ಹಾಗೂ ಕಂಪ್ಯೂಟರ್ ಆಧಾರಿತ ಪರೀಕ್ಷೆಗಳಿಗೂ ಮನ್ನಣೆ ಸಿಕ್ಕಿತು.

ಪ್ರೋಟೀನಿನ ರಚನೆ, ವಂಶವಾಹಿಗಳ ಲೆಕ್ಕಾಚಾರ, ಸಸ್ಯಗಳ ಅಧ್ಯಯನ ಮುಂತಾದ ಅನೇಕ ಕೆಲಸಗಳಿಗೆ ಪ್ರಾಣಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಆದರೂ ಎಚ್ಚರ ಬೇಕು. ಗಾಜಿನ ತಟ್ಟೆಯಲ್ಲಿ ಕೋಶ ಬೆಳೆಸಲು ಬಳಸುವ ಸೀರಂ ಬಹುಮಟ್ಟಿಗೆ ಹುಟ್ಟದ ಕರುವಿನ ರಕ್ತದಿಂದ ಬರುತ್ತದೆ. ಬ್ಯಾಕ್ಟೀರಿಯಾ, ಯೀಸ್ಟ್‌ಗಳೂ ಜೀವಗಳೇ. ಗೃಹಸ್ಥರ ಅಣುವ್ರತದಲ್ಲಿ ಗೆರೆ ಎಲ್ಲಿ ಎಳೆಯಬೇಕೆಂಬುದನ್ನು ಮಕ್ಕಳೊಡನೆ ಕೂತು ಮಾತಾಡಿ ನಿಶ್ಚಯಿಸಬೇಕು.

ನಮ್ಮ ಸಲಹೆ ಇಷ್ಟೇ. ಅರ್ಜಿ ಹಾಕುವ ಮೊದಲೇ ಆ ಪ್ರಯೋಗಾಲಯದ ಕೆಲಸ ಏನೆಂದು ತಿಳಿಯಿರಿ. ಆಯ್ಕೆಯಾದ ಮೇಲೆ, ಸೇರುವ ಮುನ್ನವೇ ಮಾರ್ಗದರ್ಶಕರಿಗೆ ನಿಮ್ಮ ನಿಯಮವನ್ನು ವಿನಯದಿಂದ ಬರೆದು ತಿಳಿಸಿ. ಸೂರ್ಯಾಸ್ತಕ್ಕೆ ಮೊದಲು ಊಟ ಮಾಡುವವರು ಹಾಸ್ಟೆಲಿನ ಊಟದ ವೇಳೆಯನ್ನೂ ವಿಚಾರಿಸಿಕೊಳ್ಳಿ.

ನಾವು ಹೊರಡುವಾಗ ಹುಡುಗಿ ತನ್ನ ಪಟ್ಟಿಯನ್ನು ತಂದು ತೋರಿಸಿದಳು. ಐದು ಪ್ರಯೋಗಾಲಯಗಳ ಪೈಕಿ ಎರಡನ್ನು ಅವಳೇ ಹೊಡೆದುಹಾಕಿದ್ದಳು. ತಾನು ಎಲ್ಲಕ್ಕಿಂತ ಹೆಚ್ಚು ಬಯಸಿದ್ದ ಜಾಗವೂ ಆ ಎರಡರಲ್ಲಿತ್ತು. "ಅಮ್ಮ ಕೇಳುವ ಮೊದಲೇ ಯೋಚಿಸಿದ್ದೆ" ಎಂದಳು.

ತಾಯಿ ಮಾತಾಡಲಿಲ್ಲ. ತಂದೆ ಮಾತ್ರ ಪಟ್ಟಿಯನ್ನು ಮತ್ತೊಮ್ಮೆ ಓದಿ, "ಲೆಕ್ಕ ನೋಡಲು ತಮ್ಮನಿದ್ದಾನೆ, ಬಿಡು" ಎಂದರು.