ಕೌದಿ ಹಾಸಿದ ಕೋಣೆ

ಬಸವಕಲ್ಯಾಣ, ಹುಮನಾಬಾದ ಕಡೆಯ ಹಳೆಯ ಮನೆಗಳಲ್ಲಿ ಮಲಗುವ ಕೋಣೆಗೆ ಹೆಚ್ಚು ಸಾಮಾನು ಬೇಕಿರಲಿಲ್ಲ. ದೀಪ, ಕನ್ನಡಿ ಇಡಲು ದಪ್ಪ ಗೋಡೆಯೊಳಗೊಂದು ಮಾಡ, ಬಟ್ಟೆ ತೂಗುಹಾಕಲು ಕಟ್ಟಿಗೆಯ ಗೂಟ, ಹಗಲು ಗೋಡೆಗೆ ಒರಗಿಸಿ ರಾತ್ರಿ ಹಾಕಿಕೊಳ್ಳುವ ಹೊರಸು. ಇಷ್ಟರ ನಡುವೆ ಬಣ್ಣ ತುಂಬುತ್ತಿದ್ದುದು ಹಳೆಯ ಬಟ್ಟೆಗಳನ್ನು ಪದರವಾಗಿಸಿ ಹೊಲಿದ ಕೌದಿ. ಚಳಿಗಾಲದಲ್ಲಿ ರಾಜ್ಯದ ಕನಿಷ್ಠ ತಾಪಮಾನ ಎಷ್ಟೋ ಸಲ ದಾಖಲಾಗುವುದು ಈ ಊರುಗಳಿರುವ ಬೀದರ ಜಿಲ್ಲೆಯಲ್ಲಿ. ಆ ಚಳಿಗೆ ಹಾಸಲೂ ಹೊದೆಯಲೂ ಕೌದಿಯೇ ಆಸರೆ. ಗಡಿಯಾಚೆಯ ಮಹಾರಾಷ್ಟ್ರದಲ್ಲಿ ಅದಕ್ಕೆ ಗೋಧಡಿ ಎನ್ನುತ್ತಾರೆ.

ಕೌದಿಗೆ ಹೊಸ ಬಟ್ಟೆ ಬೇಡ. ಅಗಲವಾದ ಸೀರೆಯೊಂದನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಹಾಸಿ, ಅದರ ಮೇಲೆ ಉಟ್ಟು ಮೆತ್ತಗಾದ ಧೋತರ, ಸೀರೆಗಳನ್ನು ಪದರ ಪದರವಾಗಿ ಇಡುತ್ತಾರೆ. ಮೇಲ್ಪದರಕ್ಕೆ ಕುಪ್ಪಸದ ಖಣ, ಅಂಗಿ, ಲಂಗಗಳ ತುಂಡುಗಳನ್ನು ಚೌಕ, ತ್ರಿಕೋನಗಳಾಗಿ ಕತ್ತರಿಸಿ ಜೋಡಿಸುತ್ತಾರೆ. ಹೊಲಿಗೆ ಅಂಚಿನಲ್ಲಿ ಶುರುವಾಗಿ, ಸುತ್ತು ಸುತ್ತಾಗಿ ಒಳಸರಿಯುತ್ತ ನಡುವಿಗೆ ಬಂದು ಮುಗಿಯುತ್ತದೆ. ಹೊಲಿಯುವಾಕೆ ಕೌದಿಯ ಮೇಲೆಯೇ ಕೂತು, ಎಡಗೈಯಲ್ಲಿ ಪದರಗಳನ್ನು ಒತ್ತಿ ಹಿಡಿದು, ನಾಲ್ಕಾರು ಹೊಲಿಗೆಗಳನ್ನು ಒಟ್ಟಿಗೆ ಸೂಜಿಗೆ ಏರಿಸಿ ದಪ್ಪ ದಾರವನ್ನು ಎಳೆಯುತ್ತಾಳೆ. ದಾರ ಬಿಗಿಯಾದಂತೆ ಬಟ್ಟೆಯ ಮೇಲೆ ಸಣ್ಣ ಸಣ್ಣ ಅಲೆ ಏಳುತ್ತವೆ. ಹೊಲಿಗೆ ಒತ್ತಾಗಿದ್ದಷ್ಟೂ ಒಗೆದಾಗ ಪದರ ಜಾರುವುದಿಲ್ಲ, ಕೌದಿ ಹೆಚ್ಚು ವರ್ಷ ಬಾಳುತ್ತದೆ.

ಹೊಸ ಮನೆಯಲ್ಲೂ ಸಂಪ್ರದಾಯದ ಕೋಣೆ ಬೇಕೆನ್ನುವವರು ಮಂಚದ ಅಂಗಡಿಗೆ ಹೋಗುವ ಮೊದಲು ಮನೆಯ ಟ್ರಂಕು ತೆರೆಯಲಿ. ಅಜ್ಜಿಯ ಹತ್ತಿ ಸೀರೆ ಕೌದಿಗೆ ಹೇಳಿ ಮಾಡಿಸಿದ್ದು. ನೈಲಾನ್ ಸೀರೆ ಜಾರುತ್ತದೆ, ಬೆವರು ಹೀರುವುದಿಲ್ಲ. ಗೋಡೆಗೆ ಸುಣ್ಣದ ಬಿಳಿ ಇರಲಿ, ಕೌದಿಯ ಬಣ್ಣ ಎದ್ದು ಕಾಣುತ್ತದೆ. ನೆಲಕ್ಕೆ ನವಲಗುಂದದ ಜಮಖಾನ, ಮಾಡದಲ್ಲಿ ಕಪ್ಪು ಮೈಗೆ ಬೆಳ್ಳಿ ಬಳ್ಳಿ ಹಬ್ಬಿದ ಬಿದರಿ ಹೂದಾನಿ ಒಂದಿದ್ದರೆ ಸಾಕು. ಮಳೆಗಾಲ ಮುಗಿದ ಮೇಲೆ ಕೌದಿಯನ್ನು ಬಿಸಿಲಿಗೆ ಹಾಕಿ, ಮಡಿಚಿಡುವಾಗ ನಡುವೆ ಒಣಗಿದ ಬೇವಿನೆಲೆ ಇಡಬೇಕು.

ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ದುಡಿಮೆಯನ್ನು ಕಾಯಕವೆಂದು ಗೌರವಿಸಿದ ನೆಲ. 12ನೇ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬ ವಚನಕಾರರೂ ಇದ್ದರು. ಸೂಜಿ ಹಿಡಿದವರನ್ನು ಅನುಭಾವಿಗಳ ಸಾಲಿನಲ್ಲಿ ಕೂರಿಸಿದ ಈ ಸೀಮೆಯಲ್ಲಿ ಕೌದಿ ಹೊಲಿಯುವ ಹೆಂಗಸರೊಡನೆ ಚೌಕಾಸಿಗೆ ಇಳಿಯುವುದು ತರವಲ್ಲ. ಬಟ್ಟೆ ಹಳೆಯದೆಂದು ಕೌದಿಗೆ ಕಡಿಮೆ ಬೆಲೆ ಕಟ್ಟಬಾರದು; ಆಕೆ ನೆಲದ ಮೇಲೆ ಬಗ್ಗಿ ಕೂತು ದುಡಿದ ಅಷ್ಟೂ ದಿನಗಳ ಕೂಲಿ ಲೆಕ್ಕ ಹಾಕಿ ಕೊಡಬೇಕು. ಹಾಗೆ ಕೊಡುವವರಿದ್ದರೆ ಈ ಕೈಕಸುಬನ್ನು ಮುಂದಿನ ತಲೆಮಾರಿನ ಹೆಣ್ಣುಮಕ್ಕಳೂ ಕಲಿತಾರು.