ಕೂಸಿನ ಜೊತೆ ವಿಮಾನದಲ್ಲಿ ಊರಿಗೆ

ಎರಡು ವರ್ಷ ತುಂಬದ ಕೂಸಿಗೆ ವಿಮಾನದಲ್ಲಿ ಬೇರೆ ಸೀಟು ಕೊಳ್ಳಲೇಬೇಕೆಂದಿಲ್ಲ. ತಾಯಿಯ ಇಲ್ಲವೇ ತಂದೆಯ ತೊಡೆಯ ಮೇಲೆ ಕೂತು ಬರಬಹುದು. ದೊಡ್ಡವರ ಬೆಲ್ಟಿಗೆ ಸಿಕ್ಕಿಸುವ ಪುಟ್ಟ ಬೆಲ್ಟನ್ನು ಗಗನಸಖಿಯರು ಕೊಡುತ್ತಾರೆ. ಆದರೂ ಕೂಸಿನ ಹೆಸರಿನಲ್ಲಿ ಟಿಕೆಟ್ ಬೇಕು, ಮತ್ತು ಒಬ್ಬರ ತೊಡೆಗೆ ಒಂದೇ ಕೂಸು. ಎರಡು ತುಂಬಿದ ಮೇಲೆ ಸೀಟು ಕಡ್ಡಾಯ. ಹೋಗುವಾಗ ಇಪ್ಪತ್ಮೂರು ತಿಂಗಳಿದ್ದು ವಾಪಸಾಗುವಷ್ಟರಲ್ಲಿ ಎರಡು ದಾಟಿದರೆ, ಹಿಂತಿರುಗುವ ಪ್ರಯಾಣಕ್ಕೆ ಸೀಟು ಕೊಳ್ಳಬೇಕಾಗುತ್ತದೆ.

ರಾಮನಗರದ ಕೂಟಗಲ್ ಹೋಬಳಿಯಾಗಲಿ, ಕನಕಪುರ, ಮಾಗಡಿ, ಚನ್ನಪಟ್ಟಣದ ಹಳ್ಳಿಗಳಾಗಲಿ, ಹೊರದೇಶದಲ್ಲಿರುವ ಮಕ್ಕಳು ಸಂಸಾರ ಸಮೇತ ಊರಿಗೆ ಬರುವುದು ಹೆಚ್ಚಾಗಿ ಇದೇ ವಯಸ್ಸಿನ ಕೂಸಿನ ನೆಪದಲ್ಲಿ: ಹೆಸರಿಡಲು, ಕಿವಿ ಚುಚ್ಚಿಸಲು, ಮನೆದೇವರಿಗೆ ಮುಡಿ ಕೊಡಲು. ಅಜ್ಜಿ ತಾತ ಮೊಮ್ಮಗುವನ್ನು ಮೊದಲ ಸಲ ಎತ್ತಿಕೊಳ್ಳುವುದೂ ಆಗಲೇ.

ಮೊದಲ ತೊಡಕು ಹೆಸರಿನದು. ಈ ಭಾಗದಲ್ಲಿ ಮನೆತನದ ಹೆಸರು ಎಲ್ಲರಿಗೂ ಇರುವುದಿಲ್ಲ. ಊರಿನದೋ ತಂದೆಯದೋ ಇನಿಷಿಯಲ್ ಮುಂದಿಟ್ಟು ಒಂದೇ ಹೆಸರಿನಲ್ಲಿ ಬದುಕು ಸಾಗಿಸುವವರು ಬಹಳ. ಪಾಸ್‌ಪೋರ್ಟಿನಲ್ಲಿ ಅದು ಒಂಟಿ ಹೆಸರಾಗಿ ಬಿದ್ದರೆ ವೀಸಾ ಹೊತ್ತಿನಲ್ಲಿ ಅಡ್ಡಿ. ಒಂಟಿ ಹೆಸರಿನ ಪಾಸ್‌ಪೋರ್ಟ್ ಹಿಡಿದು ಬರುವ ಪ್ರವಾಸಿಗರಿಗೆ ಯುಎಇ 2022ರ ನವೆಂಬರಿನಲ್ಲಿ ಪ್ರವೇಶ ನಿಲ್ಲಿಸಿತು. ಕೂಸಿಗೆ ಪಾಸ್‌ಪೋರ್ಟ್ ಮಾಡಿಸುವಾಗಲೇ ಹೆಸರನ್ನು ಎರಡು ಭಾಗವಾಗಿ ಬರೆಸುವುದು ಒಳ್ಳೆಯದು. ಹೊರದೇಶಕ್ಕೆ ಹೋಗುವ ಹಸುಗೂಸಿಗೂ ತನ್ನದೇ ಪಾಸ್‌ಪೋರ್ಟ್ ಬೇಕು. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಪಡೆದ ಮಗು ಅಜ್ಜಿಯ ಮನೆಗೆ ಬರಲು ಭಾರತದ ವೀಸಾ ಇಲ್ಲವೇ ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡ್ ತೋರಿಸಬೇಕು. ತಾಯಿಯೊಬ್ಬಳೇ ಕರೆತರುವುದಾದರೆ ತಂದೆಯ ಒಪ್ಪಿಗೆ ಪತ್ರ ಜೊತೆಗಿರಲಿ.

ಆಕಾಶದಲ್ಲಿ ಮಕ್ಕಳು ಅಳುವುದಕ್ಕೆ ಹಟವೇ ಕಾರಣವಲ್ಲ, ಬಹಳ ಸಲ ಅದು ಕಿವಿನೋವು. ಹಾರಾಟದಲ್ಲಿ ವಿಮಾನದೊಳಗಿನ ಗಾಳಿಯ ಒತ್ತಡ ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನಷ್ಟಿರುತ್ತದೆ. ವಿಮಾನ ಇಳಿಯತೊಡಗಿದಾಗ ಒತ್ತಡ ಮತ್ತೆ ಏರುತ್ತದೆ. ಕಿವಿಯ ಒಳಭಾಗವನ್ನು ಗಂಟಲಿಗೆ ಸೇರಿಸುವ ನಳಿಕೆ ತೆರೆದುಕೊಂಡರೆ ಎರಡೂ ಕಡೆಯ ಒತ್ತಡ ಸಮವಾಗುತ್ತದೆ. ಪುಟ್ಟ ಮಕ್ಕಳಲ್ಲಿ ಈ ನಳಿಕೆ ಕಿರಿದು, ಹೆಚ್ಚು ಅಡ್ಡವಾಗಿಯೂ ಇರುವುದರಿಂದ ಬೇಗ ತೆರೆಯುವುದಿಲ್ಲ. ನುಂಗಿದಾಗ ತೆರೆಯುತ್ತದೆ. ಹೀಗಾಗಿ ಏರುವಾಗ, ಅದಕ್ಕಿಂತ ಮುಖ್ಯವಾಗಿ ಇಳಿಯುವಾಗ, ಎದೆಹಾಲು ಇಲ್ಲವೇ ಬಾಟಲಿ ಕೊಡಬೇಕು. ನೆಲ ಮುಟ್ಟುವುದಕ್ಕೆ ಅರ್ಧ ಗಂಟೆ ಮೊದಲೇ ಇಳಿತ ಶುರುವಾಗಿರುತ್ತದೆ. ನಿದ್ದೆಯಲ್ಲಿ ನುಂಗುವುದು ಕಡಿಮೆ. ಆ ಹೊತ್ತಿಗೆ ಕೂಸನ್ನು ಎಬ್ಬಿಸುವುದು ಕ್ರೂರವೆನಿಸಿದರೂ ಅದರ ಹಿತಕ್ಕೇ. ನೆಗಡಿ ಕಟ್ಟಿದ್ದರೆ ಹೊರಡುವ ಮುನ್ನ ವೈದ್ಯರಿಗೆ ತೋರಿಸಬೇಕು.

ಕೈಚೀಲದಲ್ಲಿ ದ್ರವ ಪದಾರ್ಥಕ್ಕೆ 100 ಮಿಲಿಲೀಟರ್ ಮಿತಿ ಇರುವ ಕಡೆಯೂ ಮಗುವಿನ ಹಾಲು, ಆಹಾರಕ್ಕೆ ಪ್ರಯಾಣಕ್ಕೆ ಬೇಕಾದಷ್ಟು ಬಿಡುತ್ತಾರೆ. ಹುರಿದ ರಾಗಿಯ ಸರಿಹಿಟ್ಟು ಇಟ್ಟುಕೊಂಡರೆ ಬಿಸಿನೀರು ವಿಮಾನದಲ್ಲೇ ಸಿಗುತ್ತದೆ. ಆದರೆ ಅಜ್ಜಿ ಪ್ರೀತಿಯಿಂದ ಕಟ್ಟಿಕೊಡುವ ಒಣಕೊಬ್ಬರಿ ಗಿಟುಕು ಬೇಡ. ಎಣ್ಣೆಯಂಶ ಹೆಚ್ಚಿದ್ದು ಬೆಂಕಿ ಹೊತ್ತಿಕೊಳ್ಳಬಹುದೆಂದು ಅದಕ್ಕೆ ನಿಷೇಧವಿದೆ. ಆಟಕ್ಕೆ ಚನ್ನಪಟ್ಟಣದ ಗಿಲಕಿಗಿಂತ ಒಳ್ಳೆಯದು ಸಿಗಲಾರದು. ಆಲೆಮರದಲ್ಲಿ ಕಡೆದು ಅರಗಿನ ಬಣ್ಣ ಕೊಟ್ಟ ಆ ಆಟಿಕೆಗೆ ಬ್ಯಾಟರಿಯೂ ಬೇಡ.

ದೂರದ ಪ್ರಯಾಣಕ್ಕೆ ತೊಟ್ಟಿಲು ಸಿಗುವ ಸೀಟನ್ನು ಮುಂಚೆಯೇ ಕೇಳಿಡಬೇಕು. ಅವು ಕೆಲವೇ ಇರುತ್ತವೆ, ಮಗುವಿನ ತೂಕಕ್ಕೂ ಮಿತಿಯಿದೆ. ಹನ್ನೆರಡು ವರ್ಷದೊಳಗಿನ ಮಕ್ಕಳಿಗೆ, ಒಂದೇ ಬುಕಿಂಗಿನಲ್ಲಿದ್ದರೆ, ತಂದೆ ಅಥವಾ ತಾಯಿಯ ಪಕ್ಕದಲ್ಲೇ ಸೀಟು ಕೊಡಬೇಕೆಂದು ವಿಮಾನಯಾನ ಮಹಾನಿರ್ದೇಶನಾಲಯ 2024ರ ಏಪ್ರಿಲ್‌ನಲ್ಲಿ ಸಂಸ್ಥೆಗಳಿಗೆ ಸೂಚಿಸಿದೆ. ಸಿಗದಿದ್ದರೆ ಕೇಳಿ ಪಡೆಯಬಹುದು.

ಬೆಂಗಳೂರಿನಿಂದ ಹೊರದೇಶಕ್ಕೆ ಹೋಗುವ ವಿಮಾನಗಳು 2023ರ ಸೆಪ್ಟೆಂಬರಿನಿಂದ ಕೆಂಪೇಗೌಡ ನಿಲ್ದಾಣದ ಎರಡನೇ ಟರ್ಮಿನಲ್ಲಿನಿಂದ ಹೊರಡುತ್ತವೆ. ನಿಲ್ದಾಣವಿರುವುದು ದೇವನಹಳ್ಳಿ ಕಡೆ, ರಾಮನಗರವಿರುವುದು ಬೆಂಗಳೂರಿನ ಇನ್ನೊಂದು ಬದಿಗೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ ಉಳಿಸಿದ ಸಮಯವನ್ನು ನಗರದ ಟ್ರಾಫಿಕ್ ನುಂಗುತ್ತದೆ. ಕಾರಿನಲ್ಲೇ ಒಮ್ಮೆ ಉಣಿಸಿ ಬಟ್ಟೆ ಬದಲಿಸಬೇಕಾಗಬಹುದೆಂದು ಎಣಿಸಿಯೇ ಹೊರಡಬೇಕು.

ಊರು ತಲುಪಿದ ಮೇಲಿನ ದಿನಗಳ ಬಗ್ಗೆ ಯೋಚಿಸುವವರು ಕಡಿಮೆ, ಮಗು ಸೋಲುವುದು ಮಾತ್ರ ಅಲ್ಲೇ. ಕ್ಯಾಲಿಫೋರ್ನಿಯಾಕ್ಕೂ ನಮಗೂ ಬೇಸಿಗೆಯಲ್ಲಿ ಹನ್ನೆರಡೂವರೆ ಗಂಟೆಯ ಅಂತರ. ಅಲ್ಲಿನ ಹಗಲು ಇಲ್ಲಿನ ರಾತ್ರಿ. ನಡುರಾತ್ರಿ ಎದ್ದು ಆಡುವ ಮಗುವಿಗೆ ದೃಷ್ಟಿಯಾಗಿಲ್ಲ; ಅದರ ಒಳಗಿನ ಗಡಿಯಾರ ಇನ್ನೂ ತಿರುಗಿಲ್ಲ. ಬೆಳಗಿನ ಬಿಸಿಲಿನಲ್ಲಿ ಅಂಗಳಕ್ಕೆ ಬಿಟ್ಟು, ರಾತ್ರಿ ದೀಪ ಆರಿಸಿ, ಊಟದ ಹೊತ್ತನ್ನು ಇಲ್ಲಿನದಕ್ಕೆ ಹೊಂದಿಸಿದರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಕುಡಿಯಲು ಕಾಯಿಸಿ ಆರಿಸಿದ ನೀರು, ಮಲಗಲು ಸೊಳ್ಳೆಪರದೆ ಬೇಕು. ಅಮೆರಿಕದಲ್ಲಿ ದಡಾರದ ಲಸಿಕೆ ಹಾಕುವುದು ವರ್ಷ ತುಂಬಿದ ಮೇಲೆ. ಹೊರದೇಶಕ್ಕೆ ಹೊರಟ ಕೂಸಿಗೆ ಆರು ತಿಂಗಳಿಗೇ ಒಂದು ಡೋಸ್ ಕೊಡಿಸಲು ಅಲ್ಲಿನ ಆರೋಗ್ಯ ಇಲಾಖೆಯೇ ಹೇಳುತ್ತದೆ.

ಮುಡಿಯನ್ನೋ ನೆಂಟರೂಟವನ್ನೋ ಬಂದ ಮರುದಿನಕ್ಕೇ ಇಟ್ಟುಕೊಳ್ಳುವ ರೂಢಿ ಬಿಡಬೇಕು. ಮುಹೂರ್ತ ನೋಡುವ ಹಿರಿಯರು ಮಗು ಬಂದಿಳಿದ ದಿನದಿಂದ ಒಂದು ವಾರ ಬಿಟ್ಟು ದಿನ ಗೊತ್ತುಮಾಡಲಿ.